ಹಾಸನದಿಂದ ಹೋಗಿ ಗ್ರ್ಯಾಂಡ್ ಕ್ಯಾನಿಯನ್ ಒಳಗೆ ಇಳಿದು ಹತ್ತೋದು ಹೇಗೆ: ಒಂದು ದಿನದ ನಡಿಗೆಗೆ ಪೂರ್ತಿ ತಯಾರಿ

ಮಕ್ಕಳೋ ತಮ್ಮ ತಂಗಿಯರೋ ಅಮೆರಿಕದಲ್ಲಿದ್ದಾರೆ ಅಂತ ನಮ್ಮ ಹಾಸನದ ಕಡೆಯಿಂದ ಈಗ ತುಂಬಾ ಜನ ಹೋಗಿ ಬರ್ತಿದಾರೆ, ಹೋದವರಲ್ಲಿ ಅರ್ಧಕ್ಕರ್ಧ ಜನ ಅರಿಜೋನಾ ರಾಜ್ಯದಲ್ಲಿ ಕೊಲೊರಾಡೋ ನದಿ ಕೊರೆದಿರೋ, ಈಗ ರಾಷ್ಟ್ರೀಯ ಪಾರ್ಕ್ ಆಗಿರೋ ದೊಡ್ಡ ಕಣಿವೆ ಗ್ರ್ಯಾಂಡ್ ಕ್ಯಾನಿಯನ್ ನೋಡ್ಕೊಂಡೇ ಬರ್ತಾರೆ, ಆದ್ರೆ ನೋಡೋದು ಮೇಲೆ ನಿಂತ್ಕೊಂಡು, ಕಂಬಿ ಹಿಡ್ಕೊಂಡು ನಾಲ್ಕು ಫೋಟೋ ತೆಗೆದು ಸಂಜೆ ಹೊತ್ತಿಗೆ ವಾಪಸ್. ನಾನು ಅದೇ ರಾಜ್ಯದಲ್ಲಿರೋ ತಂಗಿ ಮನೆಗೆ ಫೀನಿಕ್ಸ್‌ಗೆ ಹೋದಾಗ ಅವಳು, ಅವಳ ಮಗ, ನಾನು ಮೂರು ಜನ ಒಳಗೆ ಇಳಿದು ಹತ್ತಿ ಬಂದ್ವಿ. ನನಗೆ ಆಗ 47 ವರ್ಷ. ಬಂದ ಮೇಲೆ ಊರಲ್ಲಿ ಸುಮಾರು ಜನ ನಾವೂ ಹೋಗ್ಬೇಕು ಹೇಗೆ ಮಾಡೋದು ಅಂತ ಕೇಳ್ತಿದಾರೆ, ಪ್ರತಿಯೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಎಲ್ಲ ಒಂದೇ ಕಡೆ ಬರೀತಿದೀನಿ.

ಮೊದಲು ತಲೇಲಿ ಇಟ್ಕೋಬೇಕಾದ ವಿಷಯ ಒಂದಿದೆ. ನಾವು ಬೆಟ್ಟ ಹತ್ತಿ ಬೆಳೆದವರು, ಮುಳ್ಳಯ್ಯನಗಿರಿ, ಜೇನುಕಲ್ಲು ಗುಡ್ಡ, ಎತ್ತಿನ ಭುಜ ಅಂತ ಓಡಾಡಿರ್ತೀವಿ, ಅದಕ್ಕೇ ಒಂದು ಧೈರ್ಯ ಇರುತ್ತೆ. ಆದ್ರೆ ನಮ್ಮ ಬೆಟ್ಟದಲ್ಲಿ ಕಲಿತ ಲೆಕ್ಕ ಅಲ್ಲಿ ಪೂರ್ತಿ ಉಲ್ಟಾ. ಇಲ್ಲಿ ಕಾಲಲ್ಲಿ ಶಕ್ತಿ ಇರುವಾಗ ಹತ್ತಿಬಿಡ್ತೀವಿ, ಸುಸ್ತಾದ ಮೇಲೆ ಇಳಿಯೋದು, ಮಧ್ಯದಲ್ಲಿ ಆಗ್ಲಿಲ್ಲ ಅಂದ್ರೆ ಅಲ್ಲಿಂದಲೇ ತಿರುಗಿ ಇಳಿದು ಕಾರ್ ಹತ್ರ ಬರಬಹುದು. ಅಲ್ಲಿ ಕಾರ್ ಮೇಲಿರುತ್ತೆ, ನೀವು ಕೆಳಗಿರ್ತೀರ. ಬೆಳಗ್ಗೆ ತಂಪಲ್ಲಿ, ಉತ್ಸಾಹದಲ್ಲಿ, ಇಳಿಜಾರಲ್ಲಿ ಕಾಲು ತಾನಾಗೇ ಓಡುತ್ತೆ, ಎಷ್ಟು ದೂರ ಬಂದ್ವಿ ಅಂತಾನೇ ಗೊತ್ತಾಗಲ್ಲ. ಆಮೇಲೆ ಬಿಸಿಲು ನೆತ್ತಿಗೆ ಬಂದಾಗ, ಮಂಡಿ ಸೋತಾಗ, ನೀರು ಅರ್ಧ ಖಾಲಿ ಆದಾಗ ಹತ್ತೋದು ಶುರು. ಈ ಒಂದು ವ್ಯತ್ಯಾಸ ಮನಸ್ಸಿಗೆ ಇಳಿದ್ರೆ ಮುಂದೆ ಹೇಳೋದೆಲ್ಲ ಸುಲಭವಾಗಿ ಅರ್ಥ ಆಗುತ್ತೆ.

ಇನ್ನೊಂದು, ಎತ್ತರ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ನಾವು ಇಳಿದ ಬ್ರೈಟ್ ಏಂಜಲ್ ಟ್ರೇಲ್ (ಕಾಲುದಾರಿ) ಶುರುವಾಗೋ ಜಾಗ ಸುಮಾರು 2,085 ಮೀಟರ್. ಅಂದ್ರೆ ಮುಳ್ಳಯ್ಯನಗಿರಿ ಗದ್ದುಗೆಗಿಂತ ಎತ್ತರದಲ್ಲಿ ನಿಂತು ಕೆಳಗೆ ಇಳಿಯೋಕೆ ಶುರು ಮಾಡ್ತೀರ, ಹತ್ತುತ್ತಾ ಕೊನೆಗೆ ತುಂಬಾ ಸುಸ್ತಾಗಿರೋ ಹೊತ್ತಲ್ಲೇ ಗಾಳಿ ಇನ್ನೂ ತೆಳ್ಳಗಾಗುತ್ತೆ. ಕೊನೇ ಒಂದು ಕಿಲೋಮೀಟರ್ ಯಾಕೆ ಅಷ್ಟು ಕಷ್ಟ ಅನ್ನೋದಕ್ಕೆ ಇದೂ ಒಂದು ಕಾರಣ.

ಮೊದಲ ಕೆಲಸ: ತಿಂಗಳು ಆರಿಸ್ಕೊಳ್ಳಿ, ದಾರಿ ಆರಿಸ್ಕೊಳ್ಳಿ

ಮಕ್ಕಳಿಗೆ ರಜ ಅಂತ ಜೂನ್ ಜುಲೈಯಲ್ಲಿ ಟಿಕೆಟ್ ಮಾಡಿಸೋದು ಜಾಸ್ತಿ, ಆದ್ರೆ ಕ್ಯಾನಿಯನ್ ಒಳಗೆ ಇಳಿಯೋ ಯೋಚನೆ ಇದ್ರೆ ಆ ತಿಂಗಳು ಬೇಡವೇ ಬೇಡ. ಮೇಲೆ 28-29 ಡಿಗ್ರಿ ಹಿತವಾಗಿರುತ್ತೆ, ಅದೇ ಹೊತ್ತಲ್ಲಿ ತಳದಲ್ಲಿ ನದಿ ಹತ್ರ 40 ದಾಟಿರುತ್ತೆ, ಇಳಿದಷ್ಟೂ ಕಾವು ಜಾಸ್ತಿ. ಜುಲೈ ಆಗಸ್ಟ್‌ನಲ್ಲಿ ಮಧ್ಯಾಹ್ನ ಗುಡುಗು ಸಿಡಿಲಿನ ಮಳೆ ಬೇರೆ, ಒಣಗಿದ ಹಳ್ಳಕ್ಕೆ ದಿಢೀರ್ ಅಂತ ನೀರು ನುಗ್ಗುತ್ತೆ. ಚಳಿಗಾಲದಲ್ಲಿ ದಾರಿಯ ಮೇಲ್ಭಾಗದಲ್ಲಿ ಹಿಮ ಕಲ್ಲಿನ ಹಾಗೆ ಗಟ್ಟಿಯಾಗಿ ಜಾರುತ್ತೆ, ಶೂಗೆ ಮುಳ್ಳಿನ ಪಟ್ಟಿ ಕಟ್ಟದೆ ಕಾಲಿಡೋ ಹಾಗಿಲ್ಲ. ನಮ್ಮಂಥವರಿಗೆ ಏಪ್ರಿಲ್ ಅಥವಾ ಅಕ್ಟೋಬರ್ ಸರಿ. ನಾವು ಹೋಗಿದ್ದು ಅಕ್ಟೋಬರ್ ಮಧ್ಯದಲ್ಲಿ.

ದಾರಿ ವಿಷಯಕ್ಕೆ ಬಂದ್ರೆ ದಕ್ಷಿಣದ ಅಂಚು, ಅಂದ್ರೆ ಸೌತ್ ರಿಮ್ ಕಡೆಯಿಂದ ಜನ ಹೆಚ್ಚಾಗಿ ಇಳಿಯೋದು ಎರಡು ದಾರೀಲಿ. ಸೌತ್ ಕೈಬಾಬ್ ಟ್ರೇಲ್ ನೋಡೋಕೆ ಅದ್ಭುತ, ಏಣು ಹಿಡಿದು ಇಳಿಯುತ್ತೆ, ಎರಡೂ ಕಡೆ ಬಯಲು ಕಾಣುತ್ತೆ, ಆದ್ರೆ ದಾರಿ ಉದ್ದಕ್ಕೂ ಒಂದು ಹನಿ ಕುಡಿಯೋ ನೀರು ಸಿಗಲ್ಲ, ನೆರಳೂ ಇಲ್ಲ ಅಂತಾನೇ ಹೇಳ್ಬೇಕು. ಬ್ರೈಟ್ ಏಂಜಲ್ ಟ್ರೇಲಲ್ಲಿ ಒಂದೂವರೆ ಮೈಲಿಗೆ ಒಂದು, ಮೂರು ಮೈಲಿಗೆ ಒಂದು ತಂಗೋ ಮಂಟಪ ಇದೆ, ಎರಡೂ ಕಡೆ ಟಾಯ್ಲೆಟ್ ಇದೆ (ಹೆಂಗಸರು ಇದನ್ನ ಗಮನಿಸಿ, ಟಾಯ್ಲೆಟ್ ಇಲ್ಲ ಅಂತ ನೀರು ಕಮ್ಮಿ ಕುಡಿಯೋ ನಮ್ಮ ಅಭ್ಯಾಸ ಅಲ್ಲಿ ಅಪಾಯ), ಅದರ ಕೆಳಗೆ ಹವಸುಪೈ ಗಾರ್ಡನ್ಸ್ ಅನ್ನೋ ಹಸಿರು ಜಾಗ. ಮೊದಲ ಸಲ ಹೋಗೋರು ಬ್ರೈಟ್ ಏಂಜಲ್ ತಗೊಳ್ಳಿ, ಹೆಚ್ಚಂದ್ರೆ ಹವಸುಪೈ ಗಾರ್ಡನ್ಸ್‌ವರೆಗೆ. ಹೋಗಿ ಬರೋಕೆ 15 ಕಿಲೋಮೀಟರ್ ಹತ್ರ ಆಗುತ್ತೆ, ಇಳಿತ 3,040 ಅಡಿ, ಅಷ್ಟನ್ನೂ ವಾಪಸ್ ಹತ್ತಬೇಕು. ಅಭ್ಯಾಸ ಕಮ್ಮಿ ಇದ್ರೆ ಮೂರು ಮೈಲಿ ಮಂಟಪಕ್ಕೇ ತಿರುಗಿ, ಅದೂ 2,100 ಅಡಿ ಇಳಿತ, ಅದೇನು ಕಮ್ಮಿ ಅಲ್ಲ.

ನದಿ ಮುಟ್ಟಿ ಅದೇ ದಿನ ವಾಪಸ್ ಬರ್ತೀವಿ ಅನ್ನೋ ಆಸೆ ಮಾತ್ರ ಬಿಟ್ಬಿಡಿ. ಪಾರ್ಕ್‌ನವರು ಇದನ್ನ ಬೋರ್ಡ್ ಹಾಕಿ ಹೇಳ್ತಾರೆ, ಮುಖ್ಯವಾಗಿ ಮೇಯಿಂದ ಸೆಪ್ಟೆಂಬರ್‌ವರೆಗೆ ಮಾಡ್ಲೇಬೇಡಿ ಅಂತ. ವಯಸ್ಸಾದವರಿಗೆ ಹೇಳಿದ್ದು ಅಂತ ಹುಡುಗರು ಅಂದ್ಕೋಬಾರದು. 2004ರ ಜುಲೈಯಲ್ಲಿ ಅಲ್ಲಿ ಬಿಸಿಲಿಗೆ, ನೀರಿಲ್ಲದೆ ತೀರಿಹೋದ ಹೆಣ್ಣುಮಗಳು 24 ವರ್ಷದವಳು, ಅದೇ ವರ್ಷ ಬೋಸ್ಟನ್ ಮ್ಯಾರಥಾನ್ ಓಡಿದ್ದವಳು, ಅವಳ ಹತ್ರ ಇದ್ದ ನೀರು ಎರಡು ಲೀಟರ್ ಕೂಡ ಇರ್ಲಿಲ್ಲ. ಅದನ್ನ ಓದಿದ ದಿನ ನನಗೆ ಊಟ ಸೇರ್ಲಿಲ್ಲ, ತಂಗಿ ಮಗನಿಗೂ ಓದಿಸ್ದೆ, ಅವನು ಆಮೇಲೆ ನದಿ ಮಾತು ಎತ್ತಲಿಲ್ಲ.

ಒಂದು ದಿನದಲ್ಲಿ ಹೋಗಿ ಬರೋ ನಡಿಗೆಗೆ ಪರ್ಮಿಟ್ ಬೇಡ, ಕೆಳಗೆ ರಾತ್ರಿ ಉಳಿಯೋದಾದ್ರೆ ಮಾತ್ರ ಬೇಕು. ಪ್ರವೇಶ ಶುಲ್ಕ ಆಗಾಗ ಬದಲಾಗುತ್ತೆ, ಹೋಗೋ ಮುಂಚೆ ಪಾರ್ಕ್ ವೆಬ್‌ಸೈಟಲ್ಲಿ ನೋಡ್ಕೊಳ್ಳಿ.

ಎರಡನೇದು: ಊರಲ್ಲೇ ಎರಡು ತಿಂಗಳ ತಯಾರಿ

ಮಹಾರಾಜ ಪಾರ್ಕಲ್ಲಿ ದಿನಾ ಒಂದು ಗಂಟೆ ವಾಕಿಂಗ್ ಮಾಡ್ತೀನಿ ಸಾಕಲ್ವಾ ಅಂತ ಕೇಳ್ತಾರೆ. ಸಾಲಲ್ಲ, ಸಮತಟ್ಟಲ್ಲಿ ನಡೆಯೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೆಟ್ಟಿಲು ಬೇಕು, ಇಳಿಜಾರು ಬೇಕು, ಬೆನ್ನ ಮೇಲೆ ಭಾರ ಬೇಕು.

ನನ್ನ ಅಳತೆಗೋಲು ಶ್ರವಣಬೆಳಗೊಳ. ವಿಂಧ್ಯಗಿರಿ ಕೆಳಗಿನ ಬಯಲಿಂದ 470 ಅಡಿ ಎತ್ತರ, ಆರುನೂರು ಚಿಲ್ಲರೆ ಮೆಟ್ಟಿಲು. 3,040 ಅಡೀನ ಭಾಗಿಸಿದ್ರೆ ಆರೂವರೆ ಸಲ ಆಗುತ್ತೆ, ಅಂದ್ರೆ ಗೊಮ್ಮಟೇಶ್ವರನ ಬೆಟ್ಟ ಒಂದರ ಮೇಲೊಂದು ಆರೂವರೆ ಇಟ್ಟಷ್ಟು ಎತ್ತರ ಹತ್ತಬೇಕು. ಇದನ್ನ ಕೇಳಿದ ಮೇಲೆ ನಮ್ಮ ಪಕ್ಕದ ಮನೆಯವರಿಗೆ ವಿಷಯ ಎಷ್ಟು ದೊಡ್ಡದು ಅಂತ ಅರ್ಥ ಆಯ್ತು. ನಾನು ಮೊದಲ ವಾರ ಒಂದು ಸಲ ಹತ್ತಿ ಇಳಿದೆ, ಆಮೇಲೆ ಎರಡು, ಆರನೇ ವಾರಕ್ಕೆ ಬೆಳಗ್ಗೆ ಒಂದೇ ಸಲಕ್ಕೆ ಮೂರು. ಆದ್ರೆ ಅಲ್ಲಿ ಚಪ್ಪಲಿ ಶೂ ಕೆಳಗೇ ಬಿಟ್ಟು ಹತ್ತಬೇಕು, ಹಾಗಾಗಿ ಕಾಲಿಗೆ ಅಭ್ಯಾಸ ಆಗುತ್ತೆ, ಶೂಗೆ ಆಗಲ್ಲ. ಶೂ ಹಾಕ್ಕೊಂಡು ನಡೆಯೋಕೆ ಸರ್ಪದಾರಿ ಹಿಡಿದು ಮುಳ್ಳಯ್ಯನಗಿರಿಗೆ ಮೂರು ಭಾನುವಾರ ಹೋದೆ, ಸಕಲೇಶಪುರದ ಕಡೆಯೋರು ತಮ್ಮ ಹತ್ತಿರದ ಯಾವ ಗುಡ್ಡ ಆದ್ರೂ ಹಿಡೀಬಹುದು.

ಇಳಿಯೋ ಅಭ್ಯಾಸ ಮರೀಬೇಡಿ. ಎಲ್ರೂ ಹತ್ತೋದನ್ನೇ ಅಭ್ಯಾಸ ಮಾಡ್ತಾರೆ, ಆದ್ರೆ ಮೂರು ಗಂಟೆ ಇಳಿದ್ರೆ ತೊಡೆ ಮುಂದಿನ ಮಾಂಸಖಂಡ ಬಿಗಿದು ನಡುಗೋಕೆ ಶುರುವಾಗುತ್ತೆ, ಆ ನಡುಗೋ ಕಾಲಲ್ಲೇ ಆಮೇಲೆ ಹತ್ತಬೇಕಾಗುತ್ತೆ. ಹೆಬ್ಬೆರಳು ಶೂ ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತೆ. ಅದಕ್ಕೆ ಶೂ ಅರ್ಧ ಸೈಜ್ ದೊಡ್ಡದು ತಗೊಳ್ಳಿ, ಉಗುರು ಹಿಂದಿನ ದಿನ ಕತ್ತರಿಸಿ, ಹೊಸ ಶೂ ಅಮೆರಿಕದಲ್ಲಿ ಕೊಂಡು ಮಾರನೇ ದಿನ ಹಾಕ್ಕೊಂಡು ಇಳಿಯೋ ಕೆಲಸ ಮಾತ್ರ ಮಾಡ್ಬೇಡಿ. ಕೊನೇ ಮೂರು ವಾರ ಬ್ಯಾಗಲ್ಲಿ ಒಂದೊಂದು ಲೀಟರ್‌ನ ಮೂರು ನೀರಿನ ಬಾಟಲ್ ಹಾಕ್ಕೊಂಡು ನಡೀರಿ, ಅವತ್ತು ಬೆನ್ನ ಮೇಲೆ ಇರೋದೂ ಅದೇ ಭಾರ. ಬಿಪಿ, ಶುಗರ್, ಹೃದಯದ ತೊಂದರೆ ಇದ್ದೋರು ಟಿಕೆಟ್‌ಗೆ ಮುಂಚೆ ನಿಮ್ಮ ಡಾಕ್ಟರ್ ಹತ್ರ ಇದನ್ನೆಲ್ಲ ಹೇಳಿ ಕೇಳಿ, ಬಿಪಿ ಮಾತ್ರೆಗಳಲ್ಲಿ ಕೆಲವು ಮೈಯಿಂದ ನೀರು ಹೊರಗೆ ಹಾಕೋ ಥರದವು ಇರ್ತವೆ.

ಮಂಡಿ ನೋವಿದ್ದೋರಿಗೆ ಟ್ರೆಕ್ಕಿಂಗ್ ಕೋಲು ಎರಡು ಇರಲಿ, ಊರಲ್ಲೇ ಹಿಡಿದು ಅಭ್ಯಾಸ ಮಾಡ್ಕೊಳ್ಳಿ.

ಅಮೆರಿಕಕ್ಕೆ ಹೋಗಿ ಇಳಿದ ಮೇಲೆ

ನಮಗೂ ಅರಿಜೋನಾಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಹಗಲು ರಾತ್ರಿ ಪೂರ್ತಿ ಅದಲು ಬದಲು. ಕಮ್ಮಿ ಅಂದ್ರೂ ಐದಾರು ದಿನ ನಿದ್ದೆ ಸರಿ ಹೋಗೋವರೆಗೆ ಇಳಿಯೋ ಯೋಚನೆ ಬೇಡ. ಫೀನಿಕ್ಸಿಂದ ಸೌತ್ ರಿಮ್‌ಗೆ ಕಾರಲ್ಲಿ ಮೂರೂವರೆ ಗಂಟೆ, ಲಾಸ್ ವೇಗಸ್ಸಿಂದ ನಾಲ್ಕೂವರೆ. ಬೆಳಗ್ಗೆ ಡ್ರೈವ್ ಮಾಡ್ಕೊಂಡು ಹೋಗಿ ಹತ್ತು ಗಂಟೆಗೆ ಇಳಿಯೋಕೆ ಶುರು ಮಾಡೋರು ನಮಗೆ ಎಷ್ಟೋ ಜನ ಎದುರಾದ್ರು, ಅದೇ ದೊಡ್ಡ ತಪ್ಪು. ಹಿಂದಿನ ರಾತ್ರಿ ಅಲ್ಲೇ ಉಳೀಬೇಕು, ಪಾರ್ಕ್ ಒಳಗಿನ ರೂಮು ತಿಂಗಳುಗಟ್ಟಲೆ ಮುಂಚೆ ತುಂಬಿಹೋಗುತ್ತೆ, ಹೊರಗಡೆ ಟುಸಯಾನ್ ಅಂತ ಸಣ್ಣ ಊರಿದೆ. ಇನ್ನೊಂದು ಸಣ್ಣ ವಿಷಯ, ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡಲ್ಲ, ಆದ್ರೆ ಪಕ್ಕದ ನವಾಹೋ ಜನರ ಪ್ರದೇಶದಲ್ಲಿ ಇಡ್ತಾರೆ, ಆ ಕಡೆಯಿಂದ ಬಂದ್ರೆ ಫೋನ್ ಟೈಮ್ ಒಂದು ಗಂಟೆ ಹೆಚ್ಚುಕಮ್ಮಿ ತೋರಿಸಬಹುದು. ಕೈಗೆ ವಾಚ್ ಕಟ್ಟಿ.

ಹಿಂದಿನ ಸಂಜೆ ತಪ್ಪದೆ ಮಾಡ್ಬೇಕಾದ್ದು ನೀರಿನ ವಿಚಾರಣೆ. ಆ ಕಡೆಯ ನೀರು ಉತ್ತರದ ಅಂಚಿನ ಕೆಳಗಿರೋ ರೋರಿಂಗ್ ಸ್ಪ್ರಿಂಗ್ಸ್ ಅನ್ನೋ ಬುಗ್ಗೆಯಿಂದ, ಕಣಿವೆ ದಾಟಿ, 1960ರ ದಶಕದಲ್ಲಿ ಕೆಲಸ ಶುರುವಾದ ಪೈಪಲ್ಲಿ ಬರ್ತಿದ್ದಿದ್ದು, ಆ ಪೈಪ್ ಲೆಕ್ಕವಿಲ್ಲದಷ್ಟು ಸಲ ಒಡೆದಿದೆ. ಎರಡು ಮಂಟಪದ ನಲ್ಲಿ ಚಳಿಗಾಲದಲ್ಲಿ ಬಂದ್ ಇರ್ತವೆ, ಪೈಪ್ ರಿಪೇರಿ ಅಂದ್ರೆ ಎಲ್ಲಾ ಕಡೆ ನಿಲ್ಲಬಹುದು, ಕೆಲವು ಸಲ ಟ್ರೇಲನ್ನೇ ಮುಚ್ಚಿರ್ತಾರೆ. ಪಾರ್ಕ್ ವೆಬ್‌ಸೈಟಲ್ಲಿ ಯಾವ ನಲ್ಲಿ ಆನ್ ಯಾವುದು ಆಫ್ ಅಂತ ಹಾಕ್ತಾರೆ, ಅದನ್ನ ನೋಡಿ, ಪಾರ್ಕ್ ಕಾಯೋ ಸಿಬ್ಬಂದಿ, ಅಂದ್ರೆ ರೇಂಜರನ್ನೂ ಒಂದು ಮಾತು ಕೇಳಿ. ನಲ್ಲಿ ಇದೆ ಅಂದ್ರೂ ತಲೆಗೆ ಮೂರು ಲೀಟರ್ ತುಂಬಿಸ್ಕೊಂಡೇ ಹೊರಡಿ.

ಬ್ಯಾಗಲ್ಲಿ ಏನಿರಬೇಕು

ಇದರಲ್ಲಿ ನನಗೆ ತುಂಬಾ ಹೇಳೋದಿದೆ, ಯಾಕಂದ್ರೆ ಮಲೆನಾಡಿನ ಪಕ್ಕದವರಾದ ನಮಗೆ ಅಲ್ಲಿ ಮೋಸ ಹೋಗೋದು ಬೆವರಿನ ವಿಷಯದಲ್ಲೇ. ನಮ್ಮಲ್ಲಿ ಬೆವರಿದ್ರೆ ಬಟ್ಟೆ ಒದ್ದೆ ಆಗುತ್ತೆ, ಗೊತ್ತಾಗುತ್ತೆ. ಅಲ್ಲಿ ಗಾಳಿ ಎಷ್ಟು ಒಣಗಿರುತ್ತೆ ಅಂದ್ರೆ ಬೆವರು ಚರ್ಮದ ಮೇಲೆ ನಿಲ್ಲೋದೇ ಇಲ್ಲ, ಆರಿ ಹೋಗುತ್ತೆ, ನಾನು ಬೆವರ್ತಾನೇ ಇಲ್ವಲ್ಲ ಅಂತ ಅಂದ್ಕೊಂಡಿದ್ದೆ. ಹತ್ತುವಾಗ ಒಂದು ತಿರುವಲ್ಲಿ ನಿಂತು ತೋಳು ನೋಡ್ಕೊಂಡ್ರೆ ನೀಲಿ ಟಾಪ್ ಮೇಲೆ ಮೊಣಕೈಯಿಂದ ಕಂಕುಳವರೆಗೆ ಬಿಳೀ ಗೆರೆ, ಅಲೆ ಅಲೆಯಾಗಿ, ರಂಗೋಲಿ ಪುಡಿ ಉದುರಿದ ಹಾಗೆ. ಕೈ ಸವರಿದ್ರೆ ಉಪ್ಪು, ಹರಳು ಹರಳಾಗಿ. ಅಷ್ಟು ಉಪ್ಪು ಮೈಯಿಂದ ಹೋಗಿತ್ತು, ನನಗೆ ಗೊತ್ತೇ ಆಗಿರ್ಲಿಲ್ಲ.

ಅದಕ್ಕೇ ಬರೀ ನೀರು ಕುಡಿದ್ರೆ ಆಗಲ್ಲ. ಉಪ್ಪು ಹೋಗ್ತಾ ಇರುವಾಗ ನೀರನ್ನಷ್ಟೇ ಸುರೀತಾ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗಲಿಬಿಲಿ, ಜಾಸ್ತಿ ಆದ್ರೆ ಫಿಟ್ಸ್ ಬರೋವರೆಗೂ ಹೋಗುತ್ತೆ. ನೀರು ಕಮ್ಮಿ ಆದ್ರೂ ಕಷ್ಟ, ಉಪ್ಪಿಲ್ಲದೆ ನೀರು ಹೆಚ್ಚಾದ್ರೂ ಕಷ್ಟ. ಗಂಟೆಗೆ ಅರ್ಧದಿಂದ ಒಂದು ಲೀಟರ್ ಒಳಗೆ, ಬಾಯಾರಿಕೆ ನೋಡ್ಕೊಂಡು, ಗುಟುಕು ಗುಟುಕಾಗಿ ಕುಡೀರಿ, ಪ್ರತಿ ಸಲ ಕೂತಾಗ ಏನಾದ್ರೂ ಖಾರ ಉಪ್ಪಿರೋದು ತಿನ್ನಿ. ಇದರಲ್ಲಿ ನಮ್ಮ ಅಡುಗೆಮನೇನೇ ಗೆದ್ದಿದೆ: ಕೋಡುಬಳೆ, ನಿಪ್ಪಟ್ಟು, ಉಪ್ಪು ಹಾಕಿ ಹುರಿದ ಕಡಲೆಬೀಜ, ಚಪಾತಿ ಒಳಗೆ ಉಪ್ಪಿನಕಾಯಿ ಸವರಿ ಸುತ್ತಿದ್ದು. ತಂಗಿ ಪುಳಿಯೋಗರೆ ಕಟ್ಟಿದ್ಲು, ಗಾರ್ಡನ್ಸ್‌ನಲ್ಲಿ ತಿಂದ್ವಿ. ಓಆರ್‌ಎಸ್ ಪ್ಯಾಕೆಟ್ ಊರಿಂದಲೇ ನಾಲ್ಕೈದು ಒಯ್ಯಿರಿ, ಒಂದು ಬಾಟಲಿಗೆ ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರು ಹಾಕಿ. ಸಿಹಿ ಬಿಸ್ಕತ್, ಚಾಕಲೇಟ್ ಮಾತ್ರ ಕಟ್ಕೊಂಡು ಹೋಗ್ಬೇಡಿ, ಬಿಸಿಲಲ್ಲಿ ಗಂಟಲಲ್ಲಿ ಇಳಿಯಲ್ಲ.

ಉಳಿದದ್ದು ಬೇಗ ಹೇಳ್ತೀನಿ. ಅಗಲ ಅಂಚಿನ ಟೋಪಿ, ಕನ್ನಡಕ, ಸನ್‌ಸ್ಕ್ರೀನ್. ತಲೆಗೆ ಕಟ್ಟೋ ಟಾರ್ಚ್, ಫೋನ್ ಟಾರ್ಚ್ ಲೆಕ್ಕಕ್ಕಿಲ್ಲ, ಕೆಳಗೆ ಸಿಗ್ನಲ್ಲೂ ಇರಲ್ಲ. ಅಕ್ಟೋಬರಲ್ಲಿ ಬೆಳಗ್ಗೆ ಮೇಲೆ ಎರಡು ಮೂರು ಡಿಗ್ರಿ ಚಳಿ, ಒಂಬತ್ತಕ್ಕೆಲ್ಲ ಸೆಕೆ, ಹಾಗಾಗಿ ಬಿಚ್ಚಿ ಬ್ಯಾಗಿಗೆ ತುರುಕೋ ಥರ ಪದರ ಪದರ ಬಟ್ಟೆ. ಒಂದು ಹತ್ತಿ ಟವೆಲ್ ಖಂಡಿತ, ನೀರಲ್ಲಿ ಅದ್ದಿ ಕತ್ತಿಗೆ ಸುತ್ಕೊಂಡ್ರೆ ಒಣಗಾಳೀಲಿ ಮಡಕೆ ನೀರಿನ ಹಾಗೆ ತಂಪಾಗುತ್ತೆ. ಬೊಬ್ಬೆಗೆ ಪ್ಲಾಸ್ಟರ್, ಒಂದು ಜೊತೆ ಒಣ ಸಾಕ್ಸ್, ಕಸ ವಾಪಸ್ ತರೋಕೆ ಒಂದು ಕವರ್, ಬಾಳೆಹಣ್ಣಿನ ಸಿಪ್ಪೆ ಕೂಡ ಅಲ್ಲಿ ಬಿಸಾಡೋ ಹಾಗಿಲ್ಲ. ಮೇಲೆ ಯಾರಾದ್ರೂ ಒಬ್ಬರಿಗೆ ಎಲ್ಲಿಗೆ ಹೋಗ್ತೀವಿ, ಎಷ್ಟು ಹೊತ್ತಿಗೆ ಬರ್ತೀವಿ ಅಂತ ಹೇಳಿರಿ.

ಇಳಿಯೋ ದಿನ

ಸೂರ್ಯ ಹುಟ್ಟೋ ಹೊತ್ತಿಗೆ ಕಾಲು ದಾರಿ ಮೇಲಿರಬೇಕು. ನಾವು ಆರೂಕಾಲಿಗೆ ಶುರು ಮಾಡಿದ್ವಿ. ಶುರು ಮಾಡೋ ಮುಂಚೆ ಒಂದು ಗಡುವು ಹಾಕ್ಕೊಳ್ಳಿ, ಇದು ಈ ಇಡೀ ಬರಹದಲ್ಲಿ ಮುಖ್ಯವಾದ್ದು. ಲೆಕ್ಕ ಹೀಗೆ: ಇಳಿಯೋಕೆ ಒಂದು ಪಾಲು ಹೊತ್ತು ಹಿಡಿದ್ರೆ ಹತ್ತೋಕೆ ಎರಡು ಪಾಲು. ಸಂಜೆ ನಾಲ್ಕರೊಳಗೆ ಮೇಲಿರಬೇಕು ಅಂದ್ರೆ ಊಟ, ಕೂರೋದು ಎಲ್ಲ ಸೇರಿಸಿ ಒಂಬತ್ತೂವರೆಗೆ ತಿರುಗಿರಬೇಕು ಅಂತ ಆಯ್ತು, ನಾವು ಅದನ್ನೇ ಗಡುವು ಅಂತ ಇಟ್ಕೊಂಡ್ವಿ. ಒಂಬತ್ತೂವರೆ ಹೊತ್ತಿಗೆ ಎಲ್ಲಿದ್ರೂ ಸರಿ, ಗಾರ್ಡನ್ಸ್ ನೂರು ಮೀಟರ್ ದೂರ ಕಾಣ್ತಿದ್ರೂ ಸರಿ, ವಾಪಸ್. ತಂಗಿ ಮಗ ಕೇಳ್ದ, "ದೊಡ್ಡಮ್ಮ, ಅಷ್ಟು ಹತ್ರ ಬಂದು ಬಿಟ್ಟು ಹೋಗೋದಾ?" ಅಂತ. ಹೌದು ಕಣೋ ಅಂತ ಮೇಲೇ ಒಪ್ಪಿಸ್ಕೊಂಡು ಇಳಿದ್ವಿ, ಕೆಳಗೆ ಹೋದ ಮೇಲೆ ಆ ಮಾತು ಆಡೋಕೆ ಹೋದ್ರೆ ಯಾರೂ ಕೇಳಲ್ಲ.

ದಾರೀಲಿ ಹೇಸರಗತ್ತೆ ಸಾಲು ಬರುತ್ತೆ, ಜನರನ್ನ, ಸಾಮಾನನ್ನ ಹೊತ್ಕೊಂಡು. ಗೋಡೆ ಕಡೆಗೆ, ಅಂದ್ರೆ ಪ್ರಪಾತದ ಕಡೆಗಲ್ಲ, ಒಳಬದಿಗೆ ಸರಿದು ಸುಮ್ನೆ ನಿಲ್ಲಬೇಕು, ನಡೆಸೋರು ಹೇಳಿದ ಹಾಗೆ ಕೇಳ್ಬೇಕು, ಕೊನೇದು ದಾಟಿ ಸ್ವಲ್ಪ ದೂರ ಹೋಗೋವರೆಗೆ ಅಲುಗಾಡಬಾರದು. ಹತ್ತಿ ಬರೋರಿಗೆ ಇಳಿಯೋರು ದಾರಿ ಬಿಡೋದು ಪದ್ಧತಿ. ಅಳಿಲು ಮುದ್ದಾಗಿ ಹತ್ರ ಬರ್ತವೆ, ತಿಂಡಿ ಕೊಡಬೇಡಿ, ಕಚ್ತವೆ.

ಮೂರು ಮೈಲಿ ಮಂಟಪದ ಕೆಳಗೆ ದಾರಿ ಒಂದು ಕೆಂಪು ಗೋಡೇನ ಸೀಳಿ ತಿರುವು ತಿರುವಾಗಿ ಇಳಿಯುತ್ತೆ. ಆ ಸುಣ್ಣಕಲ್ಲು ನಿಜವಾಗಿ ಬೂದು ಬಣ್ಣದ್ದು, ಮೇಲಿನ ಪದರದಿಂದ ಕಬ್ಬಿಣದಂಶ ಮಳೆ ನೀರಲ್ಲಿ ಸೋರಿ ಕೆಂಪು ಬಳಿದಿದೆ. ಬಾಬಾಬುಡನ್‌ಗಿರಿಯ ಕಬ್ಬಿಣದ ಕೆಂಪು ಮಣ್ಣು ನೋಡಿದವರಿಗೆ ಅದು ಪರಿಚಯದ ಬಣ್ಣ. ಕ್ಯಾನಿಯನ್ ತಳದ ಕಪ್ಪು ಕಲ್ಲಿಗೆ ಸುಮಾರು 170 ಕೋಟಿ ವರ್ಷ ಅಂತಾರೆ, ನಮ್ಮ ಬಾಬಾಬುಡನ್ ಬೆಟ್ಟದ ಕಲ್ಲು ಅದಕ್ಕಿಂತ ಹಳೇದು, 250 ಕೋಟಿ ವರ್ಷ ದಾಟಿದ್ದು. ತಂಗಿ ಮಗನಿಗೆ ಇದನ್ನ ಹೇಳ್ದಾಗ ಅವನು ನಂಬಲಿಲ್ಲ, ಮನೆಗೆ ಹೋಗಿ ಹುಡುಕಿ ನೋಡಿ ಒಪ್ಕೊಂಡ.

ಗಾರ್ಡನ್ಸ್‌ಗೆ ಒಂಬತ್ತಕ್ಕೆ ಸೇರಿದ್ವಿ. ಅಷ್ಟು ಹೊತ್ತು ಕಲ್ಲು ಮಣ್ಣು ನೋಡಿದ ಕಣ್ಣಿಗೆ ತೊರೆ ಪಕ್ಕ ಕಾಟನ್‌ವುಡ್ ಮರಗಳು, ಎಲೆ ಸದ್ದು. ಹವಸುಪೈ ಅನ್ನೋ ಅಲ್ಲಿನ ಮೂಲನಿವಾಸಿ ಜನ ತಲೆಮಾರುಗಳಿಂದ ಬೇಸಾಯ ಮಾಡ್ಕೊಂಡಿದ್ದ ಜಾಗ ಅದು, ಪಾರ್ಕ್ ಆದ ಮೇಲೆ ಅವರನ್ನ ಹೊರಗೆ ಕಳಿಸಿದ್ರು, ಕೊನೆಯವರು ಹೋಗಿದ್ದು 1928ರಲ್ಲಿ, ಅವರ ಹೆಸರು ಜಾಗಕ್ಕೆ ವಾಪಸ್ ಬಂದಿದ್ದು 2022ರಲ್ಲಿ. ಹೇಮಾವತಿ ಮುಳುಗಡೆಯಲ್ಲಿ ಊರು ಬಿಟ್ಟವರ ಮನೆ ನಮ್ಮ ಬೀದೀಲೇ ಇದೆ, ಆ ಮರದ ಕೆಳಗೆ ಕೂತಾಗ ಅವರೇ ನೆನಪಾದ್ರು.

ಅರ್ಧ ಗಂಟೆ ಕೂತು, ಶೂ ಬಿಚ್ಚಿ ಕಾಲು ಮೇಲಿಟ್ಟು, ತಿಂದು, ಬಾಟಲ್ ತುಂಬಿ, ಟವೆಲ್ ನೆನೆಸಿ ಒಂಬತ್ತೂವರೆಗೆ ಎದ್ವಿ.

ಹತ್ತೋದು

ಮಾತಾಡ್ತಾ ನಡೆಯೋಕೆ ಆಗ್ಬೇಕು, ಅಷ್ಟು ನಿಧಾನ. ಏದುಸಿರು ಬಂದು ಮಾತು ತುಂಡಾಗ್ತಿದೆ ಅಂದ್ರೆ ನೀವು ಜೋರಾಗಿ ಹೋಗ್ತಿದೀರ ಅಂತ ಅರ್ಥ. ಅರ್ಧ ಗಂಟೆ ಮುಕ್ಕಾಲು ಗಂಟೆಗೆ ಒಂದು ಸಲ ನೆರಳು ಸಿಕ್ಕ ಕಡೆ ಹತ್ತು ನಿಮಿಷ ಕೂತು ಉಪ್ಪಿನ ತಿಂಡಿ, ನೀರು. ಗುಂಪಲ್ಲಿ ಯಾರು ನಿಧಾನವೋ ಅವರು ಮುಂದೆ ಇರಲಿ, ಹುಡುಗರು ಹಿಂದೆ ಬರಲಿ, ಬೇರೆ ಬೇರೆ ಆಗಬೇಡಿ. ಬೇಸಿಗೆಯಲ್ಲಾದ್ರೆ ಹತ್ತರಿಂದ ನಾಲ್ಕರವರೆಗೆ ನಡೀಲೇಬಾರದು, ನೆರಳಲ್ಲಿ ಕೂತು ಬಿಸಿಲಿಳಿದ ಮೇಲೆ ಹತ್ತಬೇಕು.

ಮೂರು ಮೈಲಿ ಮಂಟಪದಲ್ಲಿ ಒಬ್ಬ ಹುಡುಗ ಗೋಡೆಗೆ ಒರಗಿ ಕೂತಿದ್ದ, ಮುಖ ಬಿಳಿಚಿಕೊಂಡಿತ್ತು. ನಾವು ಕನ್ನಡದಲ್ಲಿ ಮಾತಾಡೋದು ಕೇಳಿ "ಆಂಟಿ, ಕರ್ನಾಟಕದವರಾ?" ಅಂದ. ಬೆಳಗ್ಗೆಯಿಂದ ನಾಲ್ಕು ಲೀಟರ್ ನೀರು ಕುಡಿದಿದೀನಿ ಆದ್ರೂ ವಾಂತಿ ಬರೋ ಹಾಗಿದೆ ಅಂದ. ತಿಂದಿದ್ದೇನಪ್ಪಾ ಅಂದ್ರೆ ಒಂದು ಸೇಬು. ಇನ್ನು ನೀರು ಕುಡಿಯೋದು ನಿಲ್ಲಿಸು ಅಂತ ನೆರಳಿಗೆ ಕೂರಿಸಿ ಕೋಡುಬಳೆ ಡಬ್ಬ ಕೊಟ್ವಿ, ಚೂರು ಚೂರೇ ಕಡಿದು ತಿಂದ. ತಂಗಿ ಮಗ ಇಳಿದು ಬರ್ತಿದ್ದ ರೇಂಜರನ್ನ ಕರೆದು ವಿಷಯ ಹೇಳ್ದ, ಅವರು ಅವನ ಜೊತೆ ಉಳ್ಕೊಂಡ್ರು, ಸಂಜೆ ಅವನು ಕಾಲಮೇಲೇ ಮೇಲೆ ಬಂದಿದ್ದನ್ನ ನೋಡಿ ನಮಗೆ ಸಮಾಧಾನ ಆಯ್ತು. ಮಾತು ತೊದಲೋದು, ಗಲಿಬಿಲಿ, ಪದೇ ಪದೇ ವಾಂತಿ ಕಂಡ್ರೆ ಮನೆ ಮದ್ದು ಮಾಡ್ತಾ ಕೂರಬೇಡಿ, ಕೆಲವು ಕಡೆ ತುರ್ತು ಫೋನ್ ಇಟ್ಟಿದಾರೆ, ಇಲ್ಲಾಂದ್ರೆ ಮೇಲೆ ಹೋಗೋರ ಕೈಲಿ ಹೇಳಿ ಕಳಿಸಿ ರೇಂಜರನ್ನ ಕರೆಸಿ.

ಕೊನೇ ಒಂದೂವರೆ ಮೈಲಿ ನನಗೆ ಎರಡು ಗಂಟೆ ಹಿಡೀತು. ಐವತ್ತು ಹೆಜ್ಜೆ ಎಣಿಸೋದು, ನಿಲ್ಲೋದು, ವಿಂಧ್ಯಗಿರೀಲಿ ಮಾಡ್ತಿದ್ದ ಹಾಗೇ. ಮೂರು ಗಂಟೆ ಹತ್ತು ನಿಮಿಷಕ್ಕೆ ಮೇಲೆ.

ಆ ರಾತ್ರಿಗೂ ರೂಮು ಮಾಡಿಸಿಟ್ಟಿರಿ, ದುಡ್ಡು ಉಳಿಸೋಕೆ ಹೋಗಿ ಆ ಕಾಲಲ್ಲಿ ಮೂರೂವರೆ ಗಂಟೆ ಡ್ರೈವ್ ಮಾಡ್ಬೇಡಿ, ಕತ್ತಲಾದ ಮೇಲೆ ಆ ರೋಡಲ್ಲಿ ಎಲ್ಕ್ ಅಂತ ದನಕ್ಕಿಂತ ಎತ್ತರದ ಜಿಂಕೆ ಅಡ್ಡ ಬರ್ತವೆ. ಕೆಳಗಿನ ಮಹಡಿ ರೂಮೇ ಕೇಳಿ ತಗೊಳ್ಳಿ, ಮಾರನೇ ದಿನ ಮೆಟ್ಟಿಲು ಇಳಿಯೋಕೆ ಆಗಲ್ಲ. ನಾವು ಎಲೆಕ್ಟ್ರಿಕ್ ಕುಕ್ಕರಲ್ಲಿ ಅನ್ನ ಮಾಡಿ, ಬಿಸಿನೀರಿಗೆ ಸಾರಿನ ಪುಡಿ, ಹುಣಸೆ ಹಾಕಿ ಉಪ್ಪು ಮುಂದಾಗಿ ಕುದಿಸಿ ಉಂಡ್ವಿ, ಏಳೂವರೆಗೆಲ್ಲ ಮೂರು ಜನಾನೂ ಮಲಗಿದ್ವಿ.